ಗಂಜಲ ಕುಡಿದ ತಂತಿ

ವೇಮಗಲ್ ಕಡೆಯ ನಮ್ಮ ಊರಿಗೆ ಆಗಿನ್ನೂ ಕರೆಂಟು ಬಂದಿರಲಿಲ್ಲ. ಯುದ್ಧದ ಕಾಲ, ಸೀಮೆಎಣ್ಣೆ ಸಿಕ್ಕುವುದೇ ಕಷ್ಟ, ಹೊತ್ತು ಮುಳುಗುವ ಮುಂಚೆಯೇ ಮುದ್ದೆ ಉಂಡು ಮುಗಿಸುತ್ತಿದ್ದೆವು. ಆ ಕಾಲವೇ ಚೆನ್ನಾಗಿತ್ತು ಎಂದು ನನ್ನ ವಯಸ್ಸಿನವರು ಹೇಳುತ್ತಾರೆ. ಯಾರಿಗೆ ಚೆನ್ನಾಗಿತ್ತೋ ಅವರು ಹೇಳಲಿ. ಆ ಒಂದು ಬೇಸಿಗೆ ನೆನಪಾದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ.

ನಮ್ಮದು ರೇಷ್ಮೆ ನೂಲು ತೆಗೆಯುವ ಮನೆ. ಹಿತ್ತಿಲಲ್ಲಿ ಒಲೆ, ಒಲೆಯ ಮೇಲೆ ಗೂಡು ಬೇಯುವ ನೀರು. ಬೆಂದ ಹುಳದ ವಾಸನೆ ಕೂದಲಿಗೆ, ಬಟ್ಟೆಗೆ, ತಿನ್ನುವ ಮುದ್ದೆಗೂ ಹತ್ತುತ್ತಿತ್ತು. ನಾಲ್ಕನೇ ಕ್ಲಾಸಿಗೆ ನನ್ನ ಓದು ಬಿಡಿಸಿದ್ದರು. ಹನ್ನೆರಡು ವರ್ಷಕ್ಕೆ ಬಿಸಿನೀರಿಗೆ ಬೆರಳು ಹಾಕಿ ಎಳೆ ಹಿಡಿಯುತ್ತಿದ್ದೆ.

ಚಿಕ್ಕಪ್ಪ ಚಿನ್ನದ ಗಣಿಯಲ್ಲಿ ಕರೆಂಟಿನ ಕೆಲಸ ಮಾಡಿ, ಬಿಟ್ಟು ಬಂದವನು. ಬರುವಾಗ ತಂದದ್ದು ಒಂದು ಇಂಗ್ಲಿಷ್ ಪುಸ್ತಕ, ಲಾರಿಯ ಹಳೇ ಬ್ಯಾಟರಿ, ಕಾರಿನ ಕಿಡಿ ಹಾರಿಸುವ ಪೆಟ್ಟಿಗೆ, ಮೈಗೆ ನೂಲು ಸುತ್ತಿದ ಗುಜರಿಯ ತಂತಿ. ದೀಪ ಹತ್ತಲು ಎರಡು ತಂತಿ ಬೇಡ, ಒಂದೇ ಸಾಕು ಎಂಬುದು ಅವನ ಹುಚ್ಚು.

“ಅದೆಂಗೆ ಚಿಕ್ಕಪ್ಪಾ?” ಎಂದೆ.

“ಕೊಳವೆ ತುಂಬಾ ನೀರಿದ್ರೆ ಈ ತುದೀಲಿ ತಳ್ಳಿದ್ದು ಆ ತುದೀಗೆ ಗೊತ್ತಾಗಲ್ವೇನೇ? ಹಂಗೇ ಇದೂನೂ. ತಂತಿ ಉದ್ದಕ್ಕೂ ತಳ್ಳಾಟ. ಆದ್ರೆ ಎರಡು ಕಡೆ ಸುರುಳೀನೂ ಒಂದೇ ಶ್ರುತೀಲಿರ್ಬೇಕು. ಉಯ್ಯಾಲೇನ ಸರಿಯಾದ ಹೊತ್ತಿಗೆ ನೂಕಿದ್ರೆ ತಾನೇ ಮೇಲಕ್ಕೋಗೋದು?”

ಬೊಂಬಿನ ಮೇಲೆ ಅವನು ಸುತ್ತಿದ ತಂತಿ ಎಳೆಯ ಮೇಲೆ ಎಳೆ ಹತ್ತಿ ಹುಲ್ಲಿನ ಮೆದೆಯ ಹಾಗಿತ್ತು. ನೋಡಲಾಗಲಿಲ್ಲ. “ಕೊಡು ಇಲ್ಲಿ” ಎಂದು ಕಿತ್ತುಕೊಂಡೆ. ಓರಗೆಯ ಹುಡುಗಿಯರು ಬೀದಿಯಲ್ಲಿ ಕುಂಟೆಬಿಲ್ಲೆ ಆಡುತ್ತಿದ್ದರೆ ನಾನು ನಮ್ಮ ಚರಕಕ್ಕೇ ಬೊಂಬು ಸಿಕ್ಕಿಸಿ, ಎಳೆಯ ಪಕ್ಕಕ್ಕೆ ಎಳೆ ಕೂರಿಸಿ ಎರಡು ಸುರುಳಿ ಸುತ್ತಿದೆ. ಒಲೆಯ ಕಡೆಯಿಂದ ಕೊಟ್ಟಿಗೆಯವರೆಗೆ ಒಂದೇ ತಂತಿ ಎಳೆದೆವು. ಒಲೆಯ ಕಡೆಯ ಸುರುಳಿಗೆ ಬ್ಯಾಟರಿ ಮತ್ತು ಪೆಟ್ಟಿಗೆ, ಕೊಟ್ಟಿಗೆಯ ಸುರುಳಿಗೆ ಟಾರ್ಚಿನ ಬಲ್ಬು. ನಾನು ಆ ಸುರುಳಿಯ ಮೇಲಿನ ನೂಲು ಗೀಟಿನಷ್ಟು ಕೆರೆದು, ಬಲ್ಬಿನ ತಂತಿಯ ಕೊಕ್ಕೆಯನ್ನು ಎಳೆಯಿಂದ ಎಳೆಗೆ ಸರಿಸುತ್ತಾ ಹೋದೆ. ಒಂದು ಕಡೆ ಬಲ್ಬು ಕೆಂಪಗಾಗಿ, ಆಮೇಲೆ ಹಳದಿಗೆ ತಿರುಗಿತು. ಮುಂದೆ ಸರಿಸಿದರೆ ಆರಿತು. ಹತ್ತಿದ ಎಳೆಗೆ ಸುಣ್ಣದ ಬೊಟ್ಟು ಇಟ್ಟೆ. ಚಿಕ್ಕಪ್ಪ ಕೊಟ್ಟಿಗೆಯಲ್ಲೇ ಕುಣಿದ. ಎಮ್ಮೆ ಹಗ್ಗ ಕಿತ್ತುಕೊಂಡಿತು.

ಅದೇ ವಾರ ನಮ್ಮ ಊರಿನ ಸ್ಕೂಲಿಗೆ ಇನ್ಸ್‌ಪೆಕ್ಟರು ಬರುವವರಿದ್ದರು. “ಅವರಿಗೆ ತೋರಿಸ್ತೀನಿ. ಸುತ್ತಿದೋಳು ನಮ್ ಹುಡುಗಿ, ಕೋಲಾರದ ಸ್ಕೂಲಿಗೆ ಹಾಕೋಕೆ ನೀವೇ ಹೇಳಿ ಅಂತೀನಿ” ಎಂದ ಚಿಕ್ಕಪ್ಪ. ಅಪ್ಪ ಬೀಡಿ ಆರಿಸಿ, “ದೀಪ ಹತ್ತಿ, ಅವರು ಹೇಳಿದ್ರೆ ಕಳಿಸ್ತೀನಿ. ಹತ್ತದಿದ್ರೆ ಇನ್ನೊಂದ್ಸಲ ಸ್ಕೂಲಿನ ಮಾತು ಎತ್ತಬಾರ್ದು” ಎಂದ. ಅಷ್ಟು ಸಾಕಿತ್ತು ನನಗೆ.

ಇನ್ಸ್‌ಪೆಕ್ಟರು ಬರುವ ಹಿಂದಿನ ದಿನ ನಾನು ದೊಡ್ಡವಳಾದೆ. ಸೋದರಮಾವ ಹಿತ್ತಿಲಲ್ಲಿ ಹಸಿರು ಸೊಪ್ಪಿನ ಗುಡ್ಲು ಹಾಕಿದ. ಕೈಗೆ ಎಳ್ಳುಬೆಲ್ಲದ ಚಿಗಳಿ ಉಂಡೆ ಕೊಟ್ಟು ಒಳಗೆ ಕೂರಿಸಿದರು. ಅಷ್ಟರಲ್ಲಿ ಅಜ್ಜಿಗೆ ನೆನಪಾಯಿತು, ಬೆಳಿಗ್ಗೆ ನಾನು ಸುರುಳಿ ಮುಟ್ಟಿದ್ದೆ ಅಂತ. “ಅಯ್ಯೋ, ಮೈಲಿಗೆ ಆಯ್ತಲ್ಲೋ!” ಎಂದವಳೇ ಒಂದು ಚೊಂಬು ಗಂಜಲ ತಂದಳು.

ನಾನು ಗುಡ್ಲಿಂದ ತಲೆ ಈಚೆ ಹಾಕಿ ಕೂಗಿದೆ: “ಹುಯ್ಯಬೇಡ ಅಜ್ಜೀ! ತಂತಿ ಮೈಮೇಲಿರೋದು ನೂಲು ಕಣೇ, ಕುಡಕೊಂಡ್ಬಿಡ್ತದೆ, ಶ್ರುತಿ ಕೆಡ್ತದೆ!”

“ಈಚೆ ಬಂದೀಯೆ, ಏನೂ ಮುಟ್ಬೇಡ! ದೇವರ ಪಟಕ್ಕೇ ಚಿಮುಕಿಸ್ತೀವಿ, ಇದ್ಯಾವ ದೊಡ್ಡದು?”

ಎರಡು ಸುರುಳಿಗೂ ತೊಟ್ಟಿಕ್ಕುವಷ್ಟು ಹುಯ್ದಳು. ಚಿಕ್ಕಪ್ಪ ಪಕ್ಕದಲ್ಲೇ ನಿಂತಿದ್ದ. “ಒಣಗ್ತದೆ ಬಿಡು” ಎಂದ. ಅವನ ಮುಖ ಬಿಳಿಚಿಕೊಂಡಿತ್ತು.

ಮಾರನೇ ಬೆಳಿಗ್ಗೆ ಇನ್ಸ್‌ಪೆಕ್ಟರು ಬಂದರು. ಕೊಟ್ಟಿಗೆಯ ಬಾಗಿಲಿಗೆ ಗೋಣಿಚೀಲ ಕಟ್ಟಿ ಕತ್ತಲು ಮಾಡಿದರು. ಪೆಟ್ಟಿಗೆ ಚಟಚಟ ಎಂದಿತು. ಚಿಕ್ಕಪ್ಪ ಕೊಕ್ಕೆಯನ್ನು ಸುಣ್ಣದ ಬೊಟ್ಟಿಗೆ ಇಟ್ಟ, ಆಚೆಗೆ ಈಚೆಗೆ ಸರಿಸಿದ. ಬಲ್ಬು ಕೆಂಪಗೂ ಆಗಲಿಲ್ಲ. “ಇರಲಿ ಬಿಡಪ್ಪ, ಪ್ರಯತ್ನ ಒಳ್ಳೇದೇ” ಎಂದು ಇನ್ಸ್‌ಪೆಕ್ಟರು ಮಜ್ಜಿಗೆ ಕುಡಿದು ಹೊರಟುಹೋದರು.

“ಮುಟ್ಟಾಗೋಳು ಮುಟ್ಟಿದ್ದು ಹತ್ತುತ್ತೇನೋ?” ಎಂದಳು ಅಜ್ಜಿ. ಅಪ್ಪ ಗುಡ್ಲಿನ ಕಡೆಗೊಮ್ಮೆ ನೋಡಿ ಒಳಗೆ ಹೋದ. ಚಿಕ್ಕಪ್ಪ ಒದ್ದೆ ಸುರುಳಿಗಳನ್ನು ಕಳಚಿ ಬಿಸಿಲಿಗೆ ಇಟ್ಟ.

ಮೂರು ದಿನ ಬಿಸಿಲು ಕಾಯಿತು. ಎಲ್ಲರೂ ತೋಟಕ್ಕೆ ಹೋದ ಹೊತ್ತಿನಲ್ಲಿ ಚಿಕ್ಕಪ್ಪ ಸುರುಳಿಗಳನ್ನು ತಂತಿಗೆ ಸೇರಿಸಿದ. ಬಲ್ಬು ಹತ್ತಿತು. ಅದೇ ಬೊಟ್ಟಿನಲ್ಲಿ, ಅದೇ ಹಳದಿ. ಗುಡ್ಲಿನ ಸೊಪ್ಪು ಸರಿಸಿ ನಾನು ನೋಡಿದೆ.

“ಅಪ್ಪನ್ನ ಕರಿ ಚಿಕ್ಕಪ್ಪಾ. ಈಗ್ಲೇ ಕರಿ.”

“ನಮ್ಮಮ್ಮ ಕೆಡಿಸಿದ್ಲು ಅಂತ ಹೇಳ್ಬೇಕಾಗ್ತದೆ ಕಣೇ. ಊರೋರು ಆಡ್ಕೊಳ್ತಾರೆ.”

“ನಾನು ಕೆಡಿಸ್ದೆ ಅಂತ ಆಡ್ಕೊಳ್ತಾವ್ರಲ್ಲ, ಅದಕ್ಕೇನಂತೀಯ?”

ಅವನು ತಲೆ ತಗ್ಗಿಸಿ ತಂತಿ ಕಳಚಿದ.

ಅಜ್ಜಿಯ ಮೇಲೆ ನನಗೆ ಸಿಟ್ಟಿಲ್ಲ. ಅವಳಿಗೆ ಗೊತ್ತಿರಲಿಲ್ಲ. ಅವನಿಗೆ ಗೊತ್ತಿತ್ತು, ಪುಸ್ತಕ ಓದಿದ್ದ, ಕಣ್ಣಾರೆ ಕಂಡಿದ್ದ. ಸಾಯುವವರೆಗೂ ಅವನು ಹೇಳಲಿಲ್ಲ. ಮುಂದಿನ ವರ್ಷವೇ ನನ್ನನ್ನು ಮಾಲೂರಿಗೆ ಕೊಟ್ಟು ಮದುವೆ ಮಾಡಿದರು. ಅಲ್ಲಿಯೂ ಒಲೆ, ಅಲ್ಲಿಯೂ ಬಿಸಿನೀರು.

ಈಗ ಮೊಮ್ಮಗಳು ಕೇಳುತ್ತಾಳೆ, “ಓದಿದ್ರೆ ನೀನು ಏನಾಗ್ತಿದ್ದೆ ಅಜ್ಜಿ?” ಅಂತ. ನನಗೆ ಹೇಗೆ ಗೊತ್ತಿರುತ್ತದೆ? ಏನಾಗಬಹುದಿತ್ತು ಎಂದು ಊಹಿಸುವುದಕ್ಕಾದರೂ ಒಂದಿಷ್ಟು ಓದಿರಬೇಕಲ್ಲ. ಅದನ್ನೂ ಕಿತ್ತುಕೊಂಡರು.