ಕಾಲುವೆ ದಾರಿಯ ಹತ್ತು ನಿಮಿಷ

ಸೈಕಲ್ಲು ನನಗೆ ಸಿಕ್ಕಿದ್ದು ದೇವದುರ್ಗದಲ್ಲಿ. ನನ್ನ ತವರುಮನೆಯ ಎದುರಿಗಿದ್ದ ಗುತ್ತಿಗೆದಾರರೊಬ್ಬರು ಡಾಕ್ಟರರ ಮಾತು ಕೇಳಿ, ಮೈ ಇಳಿಸಲೆಂದು ಹೈದರಾಬಾದಿನಿಂದ ಕರೆಂಟಿನ ಮೌಂಟೇನ್ ಬೈಕ್ ತರಿಸಿದ್ದರು. ಹನ್ನೊಂದು ದಿನ ಓಡಿಸಿ, ಹನ್ನೆರಡನೆಯ ದಿನ ಸೊಂಟ ಹಿಡಿದುಕೊಂಡು ಅದನ್ನು ಸಿಮೆಂಟ್ ಚೀಲಗಳ ಹಿಂದೆ ನಿಲ್ಲಿಸಿಬಿಟ್ಟರು. ದೀಪಾವಳಿಗೆ ಹೋದಾಗ ನಾನು ಅದನ್ನು ನೋಡಿದೆ. ದಪ್ಪನೆಯ ಗಾಲಿ, ಗಾಲಿಗೆ ಟ್ರ್ಯಾಕ್ಟರಿನಂಥ ಹಲ್ಲು, ಪೆಡಲ್ ತುಳಿಯುವ ಜಾಗದಲ್ಲೇ ಕೂತ ಮೋಟಾರು.

"ನೀವು ಒಯ್ತೀರೇನ್ರಿ ಟೀಚರ್? ಇಲ್ಲಿದ್ರ ಇಲಿ ಗೂಡು ಕಟ್ತಾವ," ಎಂದರು ಅವರು.

ನಾನು ಹೂಂ ಎಂದದ್ದಕ್ಕೆ ಕಾರಣವಿತ್ತು. ನಮ್ಮ ಮನೆ ಮಾನ್ವಿಯಲ್ಲಿ. ನಾನು ಗಣಿತ ಕಲಿಸುವ ಸರ್ಕಾರಿ ಶಾಲೆ ಇರುವುದು ನೀರಮಾನ್ವಿ ದಾಟಿ ಒಳಗೆ ಹೋದರೆ ಸಿಗುವ ಒಂದು ಹಳ್ಳಿಯಲ್ಲಿ. ಹನ್ನೆರಡು ಕಿಲೋಮೀಟರ್ ಡಾಂಬರು, ಆಮೇಲೆ ಆರು ಕಿಲೋಮೀಟರ್ ಕಾಲುವೆಯ ಏರಿ. ಬಸ್ಸು ಡಾಂಬರಿನ ತುದಿಯವರೆಗೆ ಮಾತ್ರ. ಏರಿಯ ಎರೆಮಣ್ಣಿನಲ್ಲಿ ಸ್ಕೂಟರಿನಿಂದ ನಾನು ಎರಡು ಸಲ ಜಾರಿ ಬಿದ್ದಿದ್ದೆ. ಸೈಕಲ್ಲಾದರೆ ಸಿಕ್ಕಿಕೊಂಡಲ್ಲಿ ಇಳಿದು ದೂಡಬಹುದು.

ಒಂದು ತಿಂಗಳು ಅದು ಚೆನ್ನಾಗಿಯೇ ನಡೆಯಿತು. ಆದರೆ ಇಪ್ಪತ್ತೈದು ಕಿಲೋಮೀಟರ್ ವೇಗ ಮುಟ್ಟುತ್ತಲೇ ಮೋಟಾರು ಕೈಬಿಡುತ್ತಿತ್ತು. ಕಂಪನಿಯವರು ಅಲ್ಲಿಗೇ ಮಿತಿ ಕಟ್ಟಿದ್ದರು. ನೇರ ರಸ್ತೆಯಲ್ಲಿ, ಹಿಂದಿನಿಂದ ಗಾಳಿ ಬೀಸುವಾಗಲೂ, ಯಾರೋ ಹಿಂದಿನ ಕ್ಯಾರಿಯರ್ ಹಿಡಿದು ಜಗ್ಗಿದಂತೆ ಅನಿಸುತ್ತಿತ್ತು.

ಅಷ್ಟರಲ್ಲಿ ಐದನೆಯ ತರಗತಿಯ ಐದು ಹುಡುಗಿಯರು ವಸತಿ ಶಾಲೆಯ ಪ್ರವೇಶ ಪರೀಕ್ಷೆ ಬರೆಯುತ್ತೇವೆಂದು ಬಂದು ನಿಂತರು. ಆ ಹಳ್ಳಿಯಿಂದ ಹೆಣ್ಣುಮಕ್ಕಳು ಅದನ್ನು ಬರೆದದ್ದೇ ಇರಲಿಲ್ಲ. ಸಂಜೆ ಶಾಲೆ ಬಿಟ್ಟ ಮೇಲೆ ಅವರೆಲ್ಲ ಹತ್ತಿ ಬಿಡಿಸಲು ಹೋಗುವವರು. ಮುಂಜಾನೆ ಪ್ರಾರ್ಥನೆಗಿಂತ ಮುಂಚೆ ಮಾತ್ರ ಅವರಿಗೆ ಬಿಡುವು. ನಾನು ಅತ್ತೆಯವರಿಗೆ ಇನ್ಸುಲಿನ್ ಕೊಟ್ಟು, ಅವರು ಉಂಡದ್ದನ್ನು ನೋಡಿ, ಎಂಟೂ ಇಪ್ಪತ್ತಕ್ಕೆ ಮನೆ ಬಿಟ್ಟರೆ ಶಾಲೆ ಮುಟ್ಟುವುದು ಒಂಬತ್ತೂ ಇಪ್ಪತ್ತಕ್ಕೆ. ಒಂಬತ್ತೂವರೆಗೆ ಪ್ರಾರ್ಥನೆ. ನಡುವೆ ಉಳಿಯುವ ಹತ್ತು ನಿಮಿಷದಲ್ಲಿ ಒಂದು ಭಿನ್ನರಾಶಿಯ ಲೆಕ್ಕ ಬಿಡಿಸುವಷ್ಟರಲ್ಲಿ ಗಂಟೆ ಹೊಡೆಯುತ್ತಿತ್ತು. ಇನ್ನೊಂದು ಹತ್ತು ನಿಮಿಷ ಸಿಕ್ಕರೆ ಇಪ್ಪತ್ತಾಗುತ್ತದೆ. ಇಪ್ಪತ್ತು ನಿಮಿಷದಲ್ಲಿ ಪಾಠ ಮಾಡಬಹುದು.

ಹೀಗೆ ನನ್ನ ತಲೆಯೊಳಗೆ ಆ ಮಿತಿಯನ್ನು ದಾಟುವ ಯೋಚನೆ ಹೊಕ್ಕಿತು.

ಹಿಂದಿನ ಗಾಲಿಯ ಒಂದು ಕಡ್ಡಿಗೆ ಸಣ್ಣ ಅಯಸ್ಕಾಂತ ಸಿಕ್ಕಿಸಿದ್ದರು. ಅದು ಪ್ರತಿ ಸುತ್ತಿಗೊಮ್ಮೆ ಒಂದು ಕಪ್ಪು ಡಬ್ಬಿಯ ಮುಂದೆ ಹಾದುಹೋಗುತ್ತಿತ್ತು. ಡಬ್ಬಿ ಅದನ್ನು ಎಣಿಸಿ ಮೋಟಾರಿಗೂ ಹ್ಯಾಂಡಲ್ಲಿನ ಪರದೆಗೂ ವೇಗ ಹೇಳುತ್ತಿತ್ತು. ಅಯಸ್ಕಾಂತವನ್ನು ಗಾಲಿಯಿಂದ ಕಿತ್ತು, ಪಕ್ಕದಲ್ಲಿ ನಿಧಾನವಾಗಿ ತಿರುಗುವ ಬೇರೊಂದು ಚಕ್ರಕ್ಕೆ ಕೂಡಿಸಿದರೆ? ಗಾಲಿ ಮೂರು ಸುತ್ತು ತಿರುಗಿದಾಗ ಆ ಚಕ್ರ ಎರಡೇ ಸುತ್ತು ತಿರುಗಬೇಕು. ಆಗ ಮೋಟಾರು ಮೂವತ್ತೇಳೂವರೆಯವರೆಗೆ ಸುಮ್ಮನೆ ಎಳೆಯುತ್ತದೆ. ಹಾಜರಿ ಪುಸ್ತಕದ ಹಿಂದಿನ ಪುಟದಲ್ಲಿ ಚಿತ್ರ ಬರೆದೆ. ಮೂವತ್ತು ಹಲ್ಲಿನ ಚಕ್ರ ಗಾಲಿಗೆ, ನಲವತ್ತೈದು ಹಲ್ಲಿನದು ಪಕ್ಕಕ್ಕೆ.

ಚಕ್ರ ಮಾಡುವವರು ಯಾರು? ನನಗೆ ನೆನಪಾದದ್ದು ರಾಯಚೂರಿನ ತೀನ್ ಕಂದೀಲ್ ಹತ್ತಿರದ ಗಲ್ಲಿಯಲ್ಲಿದ್ದ ಗಡಿಯಾರದ ಚಾಚಾ. ಕಾಲೇಜು ಓದುವಾಗ ನನ್ನ ಕೈಗಡಿಯಾರವನ್ನು ಅವರೇ ರಿಪೇರಿ ಮಾಡುತ್ತಿದ್ದರು. ಒಂದು ಭಾನುವಾರ ಬಸ್ಸು ಹತ್ತಿ ಹೋದೆ. ಅಂಗಡಿ ಹಾಗೆಯೇ ಇತ್ತು, ಬಾಗಿಲಿನಷ್ಟೇ ಅಗಲ. ಚಾಚಾ ಒಂದು ಕಣ್ಣಿಗೆ ಭೂತಗನ್ನಡಿ ಹಾಕಿಕೊಂಡೇ ತಲೆ ಎತ್ತಿದರು. ಗಡ್ಡ ಪೂರ್ತಿ ಬೆಳ್ಳಗಾಗಿತ್ತು.

ಚಿತ್ರವನ್ನು ಅವರು ಬಹಳ ಹೊತ್ತು ನೋಡಿದರು.

"ಟೀಚರಮ್ಮ, ಈಗ ನನ್ನ ಹತ್ರ ಬರೋರೆಲ್ಲ ಸೆಲ್ ಹಾಕಿಸ್ಕೊಂಡು ಹೋಗೋರು," ಎಂದರು. "ಹಲ್ಲು ಕೊರೀರಿ ಅಂತ ಯಾರೂ ಕೇಳಿಲ್ಲ. ಎಷ್ಟು ವರ್ಷ ಆತೋ, ಅಲ್ಲಾಗೇ ಗೊತ್ತು."

"ಆಗ್ತದೇನ್ರಿ ಚಾಚಾ?"

"ಆಗ್ತದ. ಆದ್ರ ನಿಮ್ಮ ಚಿತ್ರದಾಗ ಒಂದು ತಪ್ಪು ಅದ." ಪೆನ್ಸಿಲ್ಲಿನಿಂದ ನನ್ನ ಮೂವತ್ತು ಹಲ್ಲಿನ ಚಕ್ರದ ನಡುವೆ ಒಂದು ಗೆರೆ ಎಳೆದರು. "ಇದನ್ನ ಗಾಲಿ ಒಳಗ ಹೆಂಗ ತೂರಸ್ತೀರಿ? ಎರಡು ತುಂಡು ಮಾಡಬೇಕು. ಆ ಕಡಿ ಅರ್ಧ, ಈ ಕಡಿ ಅರ್ಧ, ನಡುವ ಹಿಡಿದು ಬಿಗೀಬೇಕು."

ನಾನು ಇಪ್ಪತ್ತು ವರ್ಷದಿಂದ ಗಣಿತ ಕಲಿಸುತ್ತಿದ್ದೇನೆ. ಅದು ನನಗೆ ಹೊಳೆದಿರಲಿಲ್ಲ.

ಮೊದಲು ಕೆಟ್ಟ ಪ್ರಿಂಟರಿನೊಳಗಿನ ಪ್ಲಾಸ್ಟಿಕ್ ಚಕ್ರಗಳಿಂದ ಮಾಡಿ ನೋಡಿದೆವು. ಎರಡನೆಯ ದಿನವೇ ಕಾಲುವೆಯ ಮಣ್ಣು ಹಲ್ಲುಗಳ ನಡುವೆ ಸೇರಿ ಅವನ್ನು ಹಪ್ಪಳದಂತೆ ಮುರಿದುಹಾಕಿತು. ಮುರಿದ ಚೂರುಗಳನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು ಹೋದಾಗ ಚಾಚಾ ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡಿದರು. ಬೇಸರ ಮಾಡಿಕೊಳ್ಳಲಿಲ್ಲ. ಕಪಾಟಿನ ತಳದಿಂದ, ಅವರ ತಂದೆಯ ಕಾಲದ್ದೆಂದು ಹೇಳಿ, ಒಂದು ದಪ್ಪ ಹಿತ್ತಾಳೆಯ ತಗಡು ತೆಗೆದರು. ಎರಡು ಭಾನುವಾರ ನಾನು ಅವರ ಪಕ್ಕದ ಸ್ಟೂಲಿನ ಮೇಲೆ ಕೂತು, ಪ್ರತಿ ಹಲ್ಲಿಗೆ ಎಷ್ಟು ಡಿಗ್ರಿ ಎಂದು ಹೇಳುತ್ತ ಹೋದೆ. ಅವರು ಗೆರೆ ಹಾಕಿ ಅರದಿಂದ ಉಜ್ಜುತ್ತಿದ್ದರು. ಅವರ ಹೆಂಡತಿ ಒಳಗಿನಿಂದ ಚಹಾ ಕಳಿಸಿ, "ಕ್ಯಾ ಬನಾರೈಂ ದೋನೋ ಮಿಲ್ಕೇ?" ಎಂದು, ಇಬ್ಬರೂ ಸೇರಿ ಏನು ಮಾಡುತ್ತಿದ್ದೀರೆಂದು ಕೇಳಿದರೆ, ಚಾಚಾ ತಲೆ ಎತ್ತದೆ, "ಹವಾಯಿ ಜಹಾಜ್," ಎಂದರು. ವಿಮಾನವಂತೆ!

ಅದು ಕೆಲಸ ಮಾಡಿತು. ಹಾಕಿಕೊಂಡು ಹೊರಟ ಮೊದಲ ಮುಂಜಾನೆಯನ್ನು ನಾನು ಮರೆತಿಲ್ಲ. ಪರದೆಯ ಅಂಕಿಯನ್ನು ಮನಸ್ಸಿನಲ್ಲೇ ಒಂದೂವರೆಯಿಂದ ಗುಣಿಸುತ್ತ ಹೋದೆ. ಇಪ್ಪತ್ತೈದು ದಾಟಿತು, ಮೂವತ್ತು ದಾಟಿತು, ಮೋಟಾರು ಬಿಡಲಿಲ್ಲ. ಸೆರಗು ಪಿನ್ನು ಕಿತ್ತು ಹಾರಾಡಿತು. ಎದುರಿನ ಗಾಳಿಗೆ ಕಣ್ಣಲ್ಲಿ ನೀರು ಬಂತು, ನಗುವೂ ಬಂತು. ಶಾಲೆಯ ಬಾಗಿಲು ಮುಟ್ಟಿದಾಗ ಒಂಬತ್ತೂ ಹತ್ತು. ಹುಡುಗಿಯರು ಇನ್ನೂ ಪಾಟಿಚೀಲ ಇಳಿಸಿರಲಿಲ್ಲ.

ಹತ್ತು ದಿನ ಹಾಗೆ ನಡೆಯಿತು. ಭಿನ್ನರಾಶಿ ಮುಗಿಸಿ ದಶಮಾಂಶಕ್ಕೆ ಬಂದೆವು.

ಹನ್ನೊಂದನೆಯ ದಿನ, ನೀರಮಾನ್ವಿಗೆ ಇನ್ನೂ ಸ್ವಲ್ಪ ದೂರವಿರುವಾಗ, ರಸ್ತೆಯ ಅರ್ಧ ಭಾಗದಲ್ಲಿ ಭತ್ತ ಒಣಹಾಕಿದ್ದರು. ಸುಗ್ಗಿಯಲ್ಲಿ ಎಲ್ಲರೂ ಹಾಗೆ ಮಾಡುತ್ತಾರೆ, ನನಗೇನೂ ಹೊಸದಲ್ಲ. ಎದುರಿನಿಂದ ಲಾರಿ ಬಂತು. ನಾನು ಸೈಕಲ್ಲಿನ ಪರದೆ ನೋಡಿದೆ. ಇಪ್ಪತ್ನಾಲ್ಕು ಎಂದಿತ್ತು. ಇಪ್ಪತ್ನಾಲ್ಕರಲ್ಲಿ ಭತ್ತದ ಅಂಚಿಗೆ ಇಳಿಸಿ ನಿಲ್ಲಿಸುವುದು ಏನು ಮಹಾ ಎಂದು ಬ್ರೇಕ್ ಹಿಡಿದೆ. ಗಾಲಿ ಕಾಳಿನ ಮೇಲೆ ನೀರಿನ ಮೇಲೆ ಜಾರಿದಂತೆ ಜಾರಿತು. ಭತ್ತ ಕೆದರುತ್ತಿದ್ದ ಹೆಂಗಸೊಬ್ಬಳು ಹಲಗೆ ಬಿಸಾಕಿ ಪಕ್ಕಕ್ಕೆ ಹಾರಿದಳು. ನಾನು ಅವಳ ರಾಶಿಯ ಮೇಲೆ ಅಂಗಾತ ಬಿದ್ದೆ, ಎಡಗೈ ಮೈ ಕೆಳಗೆ ಸಿಕ್ಕಿಕೊಂಡಿತು.

"ಏನವ್ವಾ, ಜೀವ ಬ್ಯಾಡಾಗೇದೇನು ನಿನಗ?" ಎಂದು ಬೈಯುತ್ತಲೇ ಅವಳು ನನ್ನನ್ನು ಎಬ್ಬಿಸಿದಳು. ಬಾಯಿಗೆ ನೀರು ಹಿಡಿದಳು. "ಸೈಕಲ್ ಮ್ಯಾಲ ಇಷ್ಟು ಜೋರು ಬರೋರನ್ನ ನಾ ನೋಡೇ ಇಲ್ಲ!"

ಅವಳ ಕಾಲು ನನ್ನ ಗಾಲಿಯಿಂದ ಒಂದು ಗೇಣು ದೂರದಲ್ಲಿತ್ತು.

ಮಣಿಕಟ್ಟಿನ ಎಲುಬು ಸೀಳಿತ್ತು, ಮೂರು ವಾರ ಪ್ಲಾಸ್ಟರ್ ಪಟ್ಟಿ. ಮನೆಯಲ್ಲಿ ಮಲಗಿದಾಗ ನನ್ನನ್ನು ಕಾಡಿದ್ದು ನೋವಲ್ಲ, ಆ ಇಪ್ಪತ್ನಾಲ್ಕು. ನಿಜಕ್ಕೂ ಅದು ಮೂವತ್ತಾರು. ಪರದೆಯ ಮೇಲಿನ ಅಂಕಿಯನ್ನು ಒಂದೂವರೆಯಿಂದ ಗುಣಿಸಬೇಕೆಂದು ನನಗಿಂತ ಚೆನ್ನಾಗಿ ಗೊತ್ತಿದ್ದವರು ಯಾರೂ ಇರಲಿಲ್ಲ. ಸುಳ್ಳು ಹೇಳಲು ಕಲಿಸಿದವಳೂ ನಾನೇ, ಅದನ್ನು ನಂಬಿದವಳೂ ನಾನೇ.

ಪಟ್ಟಿ ಕಟ್ಟಿದ ಕೈಯಲ್ಲೇ ಚಾಚಾನ ಹತ್ತಿರ ಹೋದೆ. ಅವರು ಕೈ ನೋಡಿದವರೇ ಭೂತಗನ್ನಡಿ ಕೆಳಗಿಟ್ಟರು.

"ತೆಗೀರಿ ಗಾಡಿಯಿಂದ ಆ ಚಕ್ರಗಳನ್ನ," ಎಂದರು. "ಐವತ್ತು ವರ್ಷ ಆತು ಈ ಅಂಗಡಿಯಾಗ ಕೂತು. ತಪ್ಪು ಟೈಮ್ ತೋರ್ಸೋ ಗಡಿಯಾರ ಒಂದೂ ಹೊರಗ ಕಳ್ಸಿಲ್ಲ ನಾನು. ನಿಮ್ಮ ಗಾಡಿಗೆ ಅದನ್ನ ಮಾಡಿ ಕೊಟ್ಟೆ. ನಂದೂ ತಪ್ಪದ."

"ತಪ್ಪು ನಂದ್ರಿ ಚಾಚಾ. ಲೆಕ್ಕ ಹಾಕಿದಾಕಿ ನಾನು."

ಹಿಂದಿರುಗುವಾಗ, ಈ ವರ್ಷ ಆ ಹುಡುಗಿಯರಿಗೆ ಆದಷ್ಟೇ ಆಯಿತು ಎಂದು ನನಗೆ ನಾನೇ ಹೇಳಿಕೊಂಡೆ.

ಮರುವಾರದಿಂದ ನನ್ನ ಗಂಡ ಕೆಲಸಕ್ಕೆ ಹೋಗುವ ಮುಂಚೆ ನನ್ನನ್ನು ಮೋಟಾರ್ ಸೈಕಲ್ಲಿನಲ್ಲಿ ಡಾಂಬರಿನ ತುದಿಗೆ ಬಿಡತೊಡಗಿದರು. ಅವರು ಪೋತ್ನಾಳದ ಅಕ್ಕಿ ಗಿರಣಿಯಲ್ಲಿ ಯಂತ್ರ ನೋಡಿಕೊಳ್ಳುವವರು. ಅವರದು ತದ್ವಿರುದ್ಧ ದಿಕ್ಕು. ಅಲ್ಲಿಂದ ಏರಿಯ ಮೇಲೆ ನಾನು ನಡೆದು ಹೋಗುತ್ತಿದ್ದೆ. ಮುಖ್ಯ ಗುರುಗಳು ದೊಡ್ಡ ಮನಸ್ಸು ಮಾಡಿ ನನ್ನ ಮೊದಲ ತರಗತಿಯನ್ನು ತಾವೇ ತೆಗೆದುಕೊಂಡಿದ್ದರು.

ನಡೆಯುವಾಗ ಆ ದಾರಿಯನ್ನು ಮೊದಲ ಸಲ ಸರಿಯಾಗಿ ನೋಡಿದೆ. ಕಾಲುವೆಯ ನೀರು ಬಸಿದು, ಟ್ರ್ಯಾಕ್ಟರ್ ಗಾಲಿ ತುಳಿದು, ಅಲ್ಲಲ್ಲಿ ಮಣ್ಣು ಕಲಸಿದ ಹಿಟ್ಟಿನಂತಾಗಿತ್ತು. ನನ್ನ ಸೈಕಲ್ ಗಾಲಿಯ ಹಳೆಯ ಗುರುತು ಇನ್ನೂ ಇತ್ತು. ಅದರ ಪಕ್ಕದಲ್ಲಿ ನನ್ನದೇ ಚಪ್ಪಲಿಯ ಗುರುತು. ಇಳಿದು ದೂಡಿದ ಜಾಗ, ಕಡ್ಡಿಯಿಂದ ಮಣ್ಣು ಕೆರೆದು ಬಿಸಾಕಿದ ಜಾಗ, ಮತ್ತೆ ಹತ್ತಿದ ಜಾಗ. ಒಂದು, ಎರಡು, ಮೂರು ಎಂದು ಎಣಿಸಿದೆ. ಹದಿನಾಲ್ಕು ಕಡೆ.

ಒಂದು ಸಿಮೆಂಟ್ ತೂಬಿನ ಮೇಲೆ ಕೂತು, ಚೀಲದಿಂದ ಪೆನ್ನು ತೆಗೆದು, ಪಟ್ಟಿಯ ಮೇಲೆಯೇ ಲೆಕ್ಕ ಬರೆದೆ. ಡಾಂಬರಿನ ಹನ್ನೆರಡು ಕಿಲೋಮೀಟರನ್ನು ಇಪ್ಪತ್ತೈದರಲ್ಲಿ ಹೋದರೆ ಇಪ್ಪತ್ತೊಂಬತ್ತು ನಿಮಿಷ, ಮೂವತ್ತೇಳೂವರೆಯಲ್ಲಿ ಹೋದರೆ ಹತ್ತೊಂಬತ್ತು. ಉಳಿದದ್ದು ಹತ್ತು. ಏರಿಯ ಆರು ಕಿಲೋಮೀಟರನ್ನು ನಾನು ಹೋಗುತ್ತಿದ್ದದ್ದು ಬರೀ ಹನ್ನೆರಡರ ವೇಗದಲ್ಲಿ. ಅಂದರೆ ಮೂವತ್ತು ನಿಮಿಷ. ಹದಿನೆಂಟರಲ್ಲಿ ಹೋದರೆ ಇಪ್ಪತ್ತು. ಉಳಿಯುವುದು ಹತ್ತು.

ಅದೇ ಹತ್ತು! ಯಾರ ಕಾಲ ಮೇಲೂ ಗಾಲಿ ಹಾಯಿಸದೆ.

ಇದನ್ನು ಏಳನೆಯ ತರಗತಿಗೆ ಪ್ರತಿ ವರ್ಷ ಹೇಳಿಕೊಡುತ್ತೇನೆ, ಸರಾಸರಿ ವೇಗದ ಪಾಠದಲ್ಲಿ. ರೈಲು ಇಷ್ಟು ವೇಗದಲ್ಲಿ ಹೋದರೆ, ಕಾರು ಅಷ್ಟು ವೇಗದಲ್ಲಿ ಹೋದರೆ ಎಂದು. ನನ್ನ ಸ್ವಂತ ದಾರಿಗೆ ಅದನ್ನು ಹಾಕಿ ನೋಡಿರಲಿಲ್ಲ.

ಭಾನುವಾರದವರೆಗೆ ತಡೆಯಲಾಗದೆ ಶನಿವಾರ ಮಧ್ಯಾಹ್ನವೇ ರಾಯಚೂರಿಗೆ ಓಡಿದೆ. ಚಾಚಾ ನನ್ನ ಪಟ್ಟಿಯ ಮೇಲಿನ ಲೆಕ್ಕವನ್ನು ಕೈ ಹಿಡಿದು ತಿರುಗಿಸಿ ಓದಿದರು.

"ಹಂಗಾದ್ರ ಗಾಲಿಗೆ ಮಣ್ಣು ಹತ್ತಬಾರದು. ಅಷ್ಟ ಅಲ್ಲೇನು?"

"ಅದೊಂದು. ಮತ್ತ ಕೆಸರಿನ್ಯಾಗ ಪೆಡಲ್ ಭಾಳ ಬಿಗಿ ಆಗ್ತದ್ರಿ. ಕಾಲು ನಿಧಾನ ಆದ್ರ ಮೋಟಾರೂ ಸೋಲ್ತದ. ಮುಂದಿನ ಚಕ್ರ ಸಣ್ಣದಾದ್ರ ತುಳಿಯೋದು ಹಗುರ ಆಗ್ತದ."

ಅವರು ಆಗಲೇ ಕಪಾಟಿನಿಂದ ಉಳಿದ ಹಿತ್ತಾಳೆಯ ತಗಡು ತೆಗೆಯುತ್ತಿದ್ದರು.

ಗಾಲಿಯ ಬಳಿ, ಕೂದಲೆಳೆಯಷ್ಟು ಅಂತರದಲ್ಲಿ ನಿಂತು ಮಣ್ಣನ್ನು ಕೆರೆದು ಬೀಳಿಸುವ ಒಂದು ಕೊಕ್ಕನ್ನು ಅವರು ಮಾಡಿದರು. ಕಲ್ಲು ಸಿಕ್ಕರೆ ಹಿಂದಕ್ಕೆ ಬಾಗಿ, ದಾಟಿದ ಮೇಲೆ ತಾನೇ ಮುಂದಕ್ಕೆ ಬರಲೆಂದು ಅದರ ಬುಡಕ್ಕೆ ಗೋಡೆಗಡಿಯಾರದ ಸ್ಪ್ರಿಂಗು ಸುತ್ತಿದರು. ಮುಂದಿನ ಚೈನ್ ಚಕ್ರವನ್ನು ಗಿರಣಿಯ ಪಕ್ಕದ ಲೇತಿನವರ ಹತ್ತಿರ ನನ್ನ ಗಂಡ ಮಾಡಿಸಿಕೊಂಡು ಬಂದರು. ಮೂವತ್ತೆಂಟು ಹಲ್ಲಿನ ಜಾಗದಲ್ಲಿ ಮೂವತ್ತು. ಅಯಸ್ಕಾಂತವನ್ನು ನಾನೇ ಮತ್ತೆ ಗಾಲಿಯ ಕಡ್ಡಿಗೆ ಸಿಕ್ಕಿಸಿದೆ. ಪರದೆ ನಿಜ ಹೇಳತೊಡಗಿತು.

ಪಟ್ಟಿ ಬಿಚ್ಚಿದ ಮೇಲೆ ಮೊದಲ ದಿನ ಏರಿಯ ಮೇಲೆ ಇಳಿದದ್ದು ಐದು ಕಡೆ. ಒಂದು ವಾರದಲ್ಲಿ ಅದು ಎರಡಾಯಿತು. ಒಂಬತ್ತೂ ಹತ್ತಕ್ಕೆ ಶಾಲೆ. ಹುಡುಗಿಯರು ದಶಮಾಂಶ ಮುಗಿಸಿ, ಶೇಕಡಾ ಮುಗಿಸಿ, ಪರೀಕ್ಷೆಗೆ ಹೋದರು. ಇಬ್ಬರಿಗೆ ಮೊದಲ ಪಟ್ಟಿಯಲ್ಲೇ ಸೀಟು ಸಿಕ್ಕಿತು. ಇನ್ನೊಬ್ಬಳಿಗೆ ಎರಡನೆಯ ಪಟ್ಟಿಯಲ್ಲಿ ಕರೆ ಬಂತು. ಉಳಿದಿಬ್ಬರು ನಮ್ಮಲ್ಲೇ ಆರನೆಯ ತರಗತಿಗೆ ಕೂತರು, ಲೆಕ್ಕದಲ್ಲಿ ಈಗ ಯಾರನ್ನೂ ಮುಂದೆ ಬಿಡುವುದಿಲ್ಲ.

ಫಲಿತಾಂಶ ಬಂದ ವಾರ ಚಾಚಾ ಫೋನ್ ಮಾಡಿದರು. "ಆ ಕೊಕ್ಕು ಹೆಂಗ ಕೆಲಸ ಮಾಡ್ತದ, ನಾ ನೋಡಬೇಕು," ಎಂದರು. ಅಂಗಡಿ ಮುಚ್ಚಿ ಬಸ್ಸು ಹತ್ತಿ, ಇಸ್ತ್ರಿ ಮಾಡಿದ ಬಿಳಿ ಜುಬ್ಬಾ ತೊಟ್ಟು ಡಾಂಬರಿನ ತುದಿಯಲ್ಲಿ ಇಳಿದರು. ಏರಿಯ ಮೇಲೆ ಕುಕ್ಕರುಗಾಲಿನಲ್ಲಿ ಕೂತರು. ನಾನು ಎಲ್ಲಕ್ಕಿಂತ ಕೆಟ್ಟ ಕೆಸರನ್ನು ಆರಿಸಿ ಅವರ ಮುಂದೆ ಮೂರು ಸಲ ಹಾಯಿಸಿದೆ. ಮಣ್ಣು ಉಂಡೆಯುಂಡೆಯಾಗಿ ಹಿಂದೆ ಬೀಳುತ್ತಿತ್ತು. ಅವರು ಪ್ರತಿ ಉಂಡೆಯನ್ನೂ ಬೆರಳಿನಿಂದ ಎಣಿಸುತ್ತಿದ್ದಂತೆ ಕಂಡಿತು.

"ನೀವೂ ಒಂದು ಸಲ ಹತ್ರಿ ಚಾಚಾ."

"ನಾನಾ? ಎಪ್ಪತ್ತಾತು!"

ಆದರೂ ಜುಬ್ಬಾದ ಅಂಚನ್ನು ಪೈಜಾಮದೊಳಗೆ ಸಿಕ್ಕಿಸಿಕೊಂಡು ಹತ್ತಿದರು. ಮೊದಲು ತೂರಾಡಿ, ಆಮೇಲೆ ಮೋಟಾರು ಎಳೆದಾಗ "ಅರೇ, ಅರೇ, ಅರೇ," ಎನ್ನುತ್ತ ಕಾಲುವೆಯ ಪಕ್ಕ ನೆಟ್ಟಗೆ ಹೊರಟುಬಿಟ್ಟರು. ಆಚೆ ಗದ್ದೆಯಲ್ಲಿ ಸಸಿ ಹಚ್ಚುತ್ತಿದ್ದವರು ನಡು ನೆಟ್ಟಗೆ ಮಾಡಿ ನೋಡಿದರು. ಬಹಳ ದೂರ ಹೋಗಿ, ಇಳಿದು, ಸೈಕಲ್ಲನ್ನು ತಿರುಗಿಸಿ, ಮತ್ತೆ ಹತ್ತಿ ಬಂದರು. ಜುಬ್ಬಾದ ಬೆನ್ನ ತುಂಬ ಕೆಸರಿನ ಚುಕ್ಕೆ.

ನನ್ನ ಹತ್ತಿರ ಬಂದು ನಿಲ್ಲಿಸಿ, ಮೊದಲು ಉಸಿರು ತೆಗೆದುಕೊಂಡರು. ಆಮೇಲೆ ಬಾಗಿ ಹಿಂದಿನ ಗಾಲಿ ನೋಡಿ ಹುಬ್ಬು ಗಂಟಿಕ್ಕಿದರು.

"ಬಲಗಡಿ ಸ್ವಲ್ಪ ಮಣ್ಣು ಉಳೀತದ ಟೀಚರಮ್ಮ. ಭಾನುವಾರ ಬರ್ರಿ. ಇನ್ನೊಂದು ಕೊಕ್ಕು ಕೂಡ್ಸೋಣು."