ಉಪ್ಪು ತಿಂದ ಕೌದಿ

ಧಾರವಾಡದ ನಮ್ಮ ನೆರೆಮನೆಯ ದರ್ಜಿಯ ಹೆಂಡತಿಗೆ ನಾವೆಲ್ಲ ಚಾಚಿ ಎನ್ನುತ್ತಿದ್ದೆವು. ಆಕೆ ಕಂಡಿದ್ದ ದೊಡ್ಡ ನೀರೆಂದರೆ ಉಣಕಲ್ ಕೆರೆ. ನನ್ನ ತಂಗಿ ಹುಟ್ಟಿದಾಗ ಕೌದಿ ಹೊಲಿಯಲು ಬಂದವಳು, ಚಿತ್ರಕಲೆ ಮಾಸ್ತರರಾಗಿದ್ದ ನಮ್ಮಪ್ಪ ಬರೆದ ಸಮುದ್ರದ ಚಿತ್ರವನ್ನೇ ಕೌದಿಗೆ ಇಳಿಸುತ್ತೇನೆಂದು ಅದರ ಮುಂದೆ ಚಿಂದಿ ಹರವಿಕೊಂಡು ಕೂತಳು.

“ಬರೇ ನೀಲಿ ಸಾಕಲ್ಲ?” ಎಂದರು ಅಪ್ಪ.

“ನೀವ ಬರೇ ನೀಲಿ ಬರದಿಲ್ಲಲ್ರಿ ಮಾಸ್ತರ. ಇಲ್ನೋಡ್ರಿ, ಬೂದಿ ಐತಿ, ಉಳ್ಳಾಗಡ್ಡಿ ಸಿಪ್ಪಿ ಬಣ್ಣ ಐತಿ.”

ಅಪ್ಪ ಚಾಳೀಸು ಏರಿಸಿ ತಮ್ಮದೇ ಚಿತ್ರವನ್ನು ಹೊಸದಾಗಿ ನೋಡಿದರು.

ಎಲ್ಲರೂ ಖಾದಿ ಹೊಲಿಸುತ್ತಿದ್ದ ಕಾಲ. ಅಲೆಯ ನೊರೆಗೆ ಬಿಳಿ ಚಿಂದಿ ಬೇಕಾದಷ್ಟಿತ್ತು. ಆದರೂ “ಕಣ್ಣು ಒಪ್ಪವಲ್ದು” ಎನ್ನುತ್ತ, ಸೂಜಿಯನ್ನು ಸೆರಗಿಗೆ ಚುಚ್ಚಿಕೊಂಡು, ಹೊಲಿದದ್ದನ್ನು ಮೂರು ಸಲ ಬಿಚ್ಚಿದಳು.

ಕೌದಿ ಹಸಿದಿರಬಾರದೆಂದು ಕೊನೆಯ ಮೂಲೆ ಮುಚ್ಚುವ ಮುನ್ನ ಒಳಗೊಂದು ಚೂರು ರೊಟ್ಟಿ ಇಡುವುದು ವಾಡಿಕೆ. ಚಾಚಿ ಹರಳುಪ್ಪು ಇಟ್ಟಳು. “ಸಮುದ್ರ ಎಲ್ಲಿ ರೊಟ್ಟಿ ತಿಂತೈತ್ರಿ?”

ಮಳೆ ಹಿಡಿದ ವಾರ, ಗೂಟದ ಮೇಲಿದ್ದ ಕೌದಿಯನ್ನು ತೆಗೆದ ಅವ್ವ, “ಕೂಸು ಮುಟ್ಟೇ ಇಲ್ಲ, ಈ ಮೂಲಿ ಹ್ಯಾಂಗ ಒದ್ದಿ ಆತು?” ಎಂದಳು. ಉಪ್ಪು ನೀರೊಡೆದಿತ್ತು. ಅಪ್ಪ ಆ ಮೂಲೆಯನ್ನು ಬೆರಳಿನಿಂದ ಒತ್ತಿ, ಗೋಡೆಯ ಮೇಲಿನ ತಮ್ಮ ಚಿತ್ರದತ್ತ ತಿರುಗಿದರು.

“ನನ್ನ ಸಮುದ್ರ ಇನ್ನೂ ಒಣಾನ ಅದ ನೋಡು” ಎಂದರು.