ಹಂಚಿನ ಮೇಲಿನ ಹಳದಿ ಮಣ್ಣು

ಮಣ್ಣಿನ ವಾಸನೆಯನ್ನು ಕಣ್ಣು ಮುಚ್ಚಿ ಹೊಗಳುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಮೊನ್ನೆ ಪಕ್ಕದ ಮನೆಯವರು ಹೊಸ್ತಿಲಿಗೆ ಕೆಮ್ಮಣ್ಣು ಬಳಿಯುತ್ತಿದ್ದರು. ಆ ವಾಸನೆಗೆ ಚಿತ್ತಾಪುರದ ನಮ್ಮ ಮನೆಯ ಹಿತ್ತಲು, ಸಗಣಿ ಕುಳ್ಳಿನ ಹೊಗೆ, ದೊಡ್ಡಪ್ಪನ ಕೆಮ್ಮು ಎಲ್ಲ ಒಟ್ಟಿಗೆ ಎದ್ದು ಬಂದವು. ಆ ಮನೆ ಈಗಿಲ್ಲ. ಹೋದದ್ದೇ ಒಳ್ಳೆಯದಾಯಿತು ಎನ್ನಬೇಕೆನಿಸುತ್ತದೆ. ಆದರೆ ಆ ಹಿತ್ತಲಲ್ಲಿ ನನ್ನ ಅವ್ವ ಕೂತಿದ್ದಳಲ್ಲ.

ಅಪ್ಪ ತೀರಿದ ಮೇಲೆ ನಾವಿಬ್ಬರೂ ದೊಡ್ಡಪ್ಪನ ಆಸರೆಯಲ್ಲಿದ್ದೆವು. ಅವನು ನಿಜಾಮರ ತಹಸೀಲ್ ಕಚೇರಿಯಲ್ಲಿ ಗುಮಾಸ್ತ. ಅಲ್ಲಿ ಬಾಗಿದ ಬೆನ್ನನ್ನು ಮನೆಗೆ ಬಂದು ನಮ್ಮ ಮುಂದೆ ನೆಟ್ಟಗೆ ಮಾಡಿಕೊಳ್ಳುತ್ತಿದ್ದ. ಅವನ ಮಗಳ ಮದುವೆಗೆ ಹೊಸ್ತಿಲಿಗೂ ಗೋಡೆಯಂಚಿಗೂ ಕೆಂಪು ಬೇಕಾಗಿತ್ತು. ಹಳದಿ ಮಣ್ಣನ್ನು ಹುರಿದು ಕೆಂಪು ಮಾಡುವುದು ಅವ್ವನಿಗೆ ತವರೂರು ಐನಾಪುರದಿಂದ ಬಂದ ವಿದ್ಯೆ. ಶುಭಕಾರ್ಯದಲ್ಲಿ ಮುಂದೆ ಬರಬಾರದ ವಿಧವೆ, ಹಿತ್ತಲಲ್ಲಿ ಹೊಗೆ ಕುಡಿಯಲು ಮಾತ್ರ ಬೇಕಾದಳು. ಜರಡಿ ಹಿಡಿದ ಮಣ್ಣನ್ನು ಕಬ್ಬಿಣದ ಹಂಚಿನ ಮೇಲೆ ಹರವಿ, ಮರದ ಸೌಟಿನಿಂದ ತಿರುವುತ್ತಾ ಕೂತಳು. ಮೊದಲು ಹಸಿ ಆವಿ ಹೋಯಿತು, ಅಂಚು ಕಂದಾಯಿತು, ಕೊನೆಗೆ ಹಂಚಿನಲ್ಲಿದ್ದುದೆಲ್ಲ ಕರ್ರಗೆ ಕಂಡಿತು. ಅದೇ ಹೊತ್ತಿಗೆ ದೊಡ್ಡಪ್ಪ ಬಂದು ಇಣುಕಿದ.

“ಭಾವನೋರ, ತಡೀರಿ. ಬಿಸಿ ಇರೂತನಾ ಕರ್ರಗ ಕಾಣ್ತದ. ಆರಿದ ಮ್ಯಾಲ ಕೆಂಪಾಗ್ತದ,” ಎಂದಳು ಅವ್ವ.

“ರಂಡಮುಂಡಿ ಕೈ ಹತ್ತಿದ್ರ ಮಣ್ಣೂ ಕರ್ರಗಾಗ್ತದ. ಮದವಿ ಮನ್ಯಾಗ ನಿನ್ನ ನೆರಳ ಬೀಳಬಾರದು, ನಡಿ.”

ಹಂಚು ಆರುವಷ್ಟು ಹೊತ್ತೂ ಆ ಪಾಪಿ ತಡೆಯಲಿಲ್ಲ. ಮಧ್ಯಾಹ್ನದ ರೈಲುಗಾಡಿಗೆ ಅವಳನ್ನು ಸೇಡಂಗೆ ಹತ್ತಿಸಿದ. ಅಲ್ಲಿಂದ ಎತ್ತಿನ ಬಂಡಿಯಲ್ಲಿ ಐನಾಪುರ. ನಾನು ಮಾತ್ರ ಅವನ ಮನೆತನದ ಕೂಸಂತೆ, ಇಲ್ಲೇ ಇರಬೇಕಂತೆ. ನಾನು ಸೆರಗು ಹಿಡಿದೆ. ಅವ್ವ ನನ್ನ ಬೆರಳು ಬಿಡಿಸಿ, “ಹಂಚು ಮುಟ್ಟಬ್ಯಾಡವ್ವ, ಇನ್ನಾ ಸುಡ್ತದ,” ಎಂದಳು. ಅವಳಿಂದ ನಾನು ಕೇಳಿದ ಕೊನೆಯ ಮಾತು ಅದು.

ಸಂಜೆ ಹೋಗಿ ನೋಡಿದರೆ ಮಣ್ಣು ಕುಂಕುಮದ ಹಾಗೆ ಕೆಂಪಗಿತ್ತು. ಓಡಿಹೋಗಿ ದೊಡ್ಡಪ್ಪನನ್ನು ಕರೆತಂದೆ. “ಕೆಂಪಾಗ್ಯಾದ್ರಿ, ಅವ್ವನ್ನ ಕರಸ್ರಿ,” ಎಂದೆ. ಅವನು ಚಿಟಿಕೆ ಮಣ್ಣನ್ನು ಅಂಗೈಯಲ್ಲಿ ತಿಕ್ಕಿ ನೋಡಿದ. ನನ್ನ ಮುಖ ಮಾತ್ರ ನೋಡಲಿಲ್ಲ.

“ಭಾಳ ಮಾತಾಡಬ್ಯಾಡ. ಮಣ್ಣು ಕಲಸ್ಲಿಕ್ಕ ನೀರು ತಾ.”

ಅದೇ ಕೆಂಪಿನ ಹೊಸ್ತಿಲು ದಾಟಿ ಬೀಗರು ಒಳಗೆ ಬಂದರು. ಬಣ್ಣ ಚೆನ್ನಾಗಿದೆ ಎಂದು ಹೊಗಳಿಸಿಕೊಂಡವನು ಅವನು. ಅವ್ವನನ್ನು ಕರೆಸಲೇ ಇಲ್ಲ. ಮುಂದಿನ ಮಳೆಗಾಲಕ್ಕೆ ಅವಳು ತೀರಿಹೋದ ಸುದ್ದಿ ಬಂತು. ಮಾಡಿದ್ದುಣ್ಣೋ ಮಹರಾಯ ಎನ್ನುತ್ತಾರೆ. ಅವನು ಉಂಡದ್ದು ಹೋಳಿಗೆ.

ಹೋದ ವರ್ಷ ಚಿತ್ತಾಪುರಕ್ಕೆ ಹೋಗಿದ್ದೆ. ಮನೆಯಿದ್ದಲ್ಲಿ ಬಯಲು. ನಮ್ಮ ಹೊಸ್ತಿಲಿನ ಶಹಾಬಾದ್ ಕಲ್ಲನ್ನು ಯಾರೋ ಗಟಾರದ ಮೇಲೆ ಹಾಸಿದ್ದರು. ಉಳಿಯ ಗೆರೆಗಳಲ್ಲಿ ಕೆಂಪು ಇನ್ನೂ ಇತ್ತು. ಉಗುರಿನಿಂದ ಕೆರೆದೆ, ಬಂತು. ಆಮೇಲೆ ಯಾರ್ಯಾರು ಬಳಿದಿದ್ದರೋ, ನಾನು ಅವ್ವನದೇ ಎಂದುಕೊಂಡೆ. ರೈಲು ವಾಡಿ ಜಂಕ್ಷನ್ ದಾಟುವವರೆಗೂ ಕೈ ತೊಳೆಯಲಿಲ್ಲ. ದೊಡ್ಡಪ್ಪನನ್ನು ಎಷ್ಟು ಬೈದರೂ ಒಂದು ಉಳಿಯುತ್ತದೆ: ಅವತ್ತು ಅವನು ಕೇಳಿದ ನೀರನ್ನು ತುಂಬಿ ತಂದುಕೊಟ್ಟವಳು ನಾನೇ.